ಮೋರ್ಯರ ಗುಡ್ಡದ ಫಿಸಿಕ್ಸ್ ಪಾಠ

ವೀಕ್ಷಕರೇ, ಒಂದು ಪ್ರಶ್ನೆ. ನಿಮ್ಮ ಮುಂದೆ ಸುಮಾರು ಎರಡೂವರೆ ಟನ್ ತೂಕದ ಒಂದು ಕಲ್ಲುಚಪ್ಪಡಿ ಇದೆ. ಕ್ರೇನ್ ಇಲ್ಲ, ಜೆಸಿಬಿ ಇಲ್ಲ. ಅದನ್ನು ಗುಡ್ಡದ ಮೇಲೆ, ನಿಂತ ಕಲ್ಲುಗಳ ನೆತ್ತಿಗೆ ಚಾವಣಿ ಥರ ಕೂರಿಸಬೇಕು. ಹೇಗೆ ಕೂರಿಸ್ತೀರಿ?

ಉತ್ತರ ಬೇಕಿದ್ದರೆ ದೂರ ಹೋಗಬೇಡಿ. ಹುಲಿಹೈದರ, ಕನಕಗಿರಿ ಕಡೆಯವರು ಗಂಗಾವತಿ ದಾಟಿ ಹಿರೇಬೆಣಕಲ್‌ಗೆ ಬನ್ನಿ. ಅಲ್ಲಿನ ಗುಡ್ಡದ ಮೇಲೆ ಸುಮಾರು 400 ಬೃಹತ್ ಶಿಲಾ ರಚನೆಗಳಿವೆ. ಕಬ್ಬಿಣ ಯುಗದ ಸಮಾಧಿಗಳು. ವಯಸ್ಸು 2,000 ವರ್ಷಕ್ಕೂ ಮೇಲೆ. ನಿಜಾಮರ ಸೇವೆಯಲ್ಲಿದ್ದ ಮೆಡೋಸ್ ಟೇಲರ್ 19ನೇ ಶತಮಾನದಲ್ಲೇ ಇವನ್ನು ಕಂಡು ಬರೆದ. 2021ರಲ್ಲಿ ಈ ತಾಣ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿತು.

ಊರವರು ಇದನ್ನು ಮೋರ್ಯರ ಗುಡ್ಡ ಅಂತಾರೆ. ಮೋರ್ಯರು ಅಂದ್ರೆ ಕುಳ್ಳರಂತೆ, ಈ ಕಲ್ಲಿನ ಗೂಡುಗಳು ಅವರ ಮನೆಗಳಂತೆ. ಕಥೆ ಚೆನ್ನಾಗಿದೆ. ಆದರೆ ಇದನ್ನು ಕಟ್ಟೋಕೆ ವಿಚಿತ್ರ ಮನುಷ್ಯರು ಬೇಕಿರಲಿಲ್ಲ. ನಮ್ಮಂಥವರೇ ಸಾಕಿತ್ತು. ಲೆಕ್ಕ ನೋಡಿ.

ಮೂರು ಮೀಟರ್ ಉದ್ದ, ಎರಡು ಮೀಟರ್ ಅಗಲ, 15 ಸೆಂಟಿಮೀಟರ್ ದಪ್ಪದ ಚಪ್ಪಡಿ ಅಂದುಕೊಳ್ಳಿ. ಒಂದು ಘನ ಮೀಟರ್ ಗ್ರಾನೈಟ್ ಸುಮಾರು 2.7 ಟನ್ ತೂಗುತ್ತೆ. ಅಂದ್ರೆ ನಮ್ಮ ಚಪ್ಪಡಿ 2.4 ಟನ್. ಒಂದು ಅಂಚನ್ನಷ್ಟೇ ಎತ್ತಿದರೆ ಅರ್ಧ ಭಾರ ಆ ಕಡೆಯ ನೆಲವೇ ಹೊರುತ್ತೆ. ಉಳಿದಿದ್ದು 1,200 ಕಿಲೋ. ಈಗ ಮೂರು ಮೀಟರ್ ಉದ್ದದ ಗಟ್ಟಿ ಮರದ ತೊಲೆ ತಗೊಳ್ಳಿ. ತುದಿಯಿಂದ 30 ಸೆಂಟಿಮೀಟರ್ ದೂರಕ್ಕೆ ಒಂದು ಕಲ್ಲನ್ನು ಆನಿಕೆ ಕೊಡಿ. ನಿಮ್ಮ ಕಡೆ ಉಳಿದಿದ್ದು 270 ಸೆಂಟಿಮೀಟರ್, ಅಂದ್ರೆ ಒಂಬತ್ತು ಪಟ್ಟು. 1,200ನ್ನು ಒಂಬತ್ತರಿಂದ ಭಾಗಿಸಿ: ಸುಮಾರು 133 ಕಿಲೋ. ಮೂರು ಜನ ಒಟ್ಟಿಗೆ ಮೈಭಾರ ಹಾಕಿದರೆ ಅಂಚು ಮೇಲೇಳುತ್ತೆ! ಇದೇ ಸನ್ನೆಕೋಲು.

ಪುಕ್ಕಟೆಯಾಗಿ ಏನೂ ಸಿಗಲ್ಲ ಅನ್ನೋದು ಪ್ರಕೃತಿಯ ನಿಯಮ. ಬಲ ಒಂಬತ್ತು ಪಟ್ಟು ಉಳಿಯಿತು, ದೂರ ಒಂಬತ್ತು ಪಟ್ಟು ಜಾಸ್ತಿಯಾಯಿತು. ಕಲ್ಲು ಒಂದು ಇಂಚು ಏಳಬೇಕಾದರೆ ತೊಲೆಯ ತುದಿ ಒಂಬತ್ತು ಇಂಚು ಇಳಿಯಬೇಕು. ಬಲ ಗುಣಿಸು ದೂರ, ಅದಕ್ಕೇ ಫಿಸಿಕ್ಸ್‌ನಲ್ಲಿ 'ಕೆಲಸ' ಅನ್ನೋದು. ಸನ್ನೆಕೋಲು ಕೆಲಸವನ್ನು ಕಡಿಮೆ ಮಾಡಲ್ಲ, ಮನುಷ್ಯನ ಕೈಗೆ ನಿಲುಕುವ ಹಾಗೆ ಹಂಚುತ್ತೆ. ಮಣ್ಣಿನ ಇಳಿಜಾರು ಮಾಡಿ ಕಲ್ಲು ಏರಿಸುವುದರ ಹಿಂದಿರೋದೂ ಇದೇ ತತ್ವ. ಕಲ್ಲಿನ ಕೆಳಗೆ ಮರದ ದಿಮ್ಮಿ ಉರುಳಿಸಿದರೆ ಘರ್ಷಣೆಯೂ ಕಡಿಮೆ.

ಅದೇ ಗುಡ್ಡದಲ್ಲಿ ನಗಾರಿ ಆಕಾರದ ಒಂದು ಕಲ್ಲಿದೆ. ಹೊಡೆದರೆ ನಾದ ದೂರದವರೆಗೆ ಕೇಳುತ್ತೆ. ಕಲ್ಲು ಕಂಪಿಸುತ್ತೆ, ಗಾಳಿಯನ್ನು ಕಂಪಿಸುತ್ತೆ, ಆ ಅಲೆ ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ ನಿಮ್ಮ ಕಿವಿಗೆ ಬರುತ್ತೆ. ಒಂದು ಕಿಲೋಮೀಟರ್ ದೂರ ನಿಂತವನಿಗೆ ಮೂರು ಸೆಕೆಂಡ್ ತಡ.

ಸನ್ನೆಕೋಲಿನ ನಿಯಮವನ್ನು ಗ್ರೀಕ್ ಪಂಡಿತ ಆರ್ಕಿಮಿಡೀಸ್ ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಸಾಧಿಸಿ ತೋರಿಸಿದ. ನ್ಯೂಟನ್ನನ ಚಲನೆಯ ನಿಯಮಗಳು ಬಂದಿದ್ದು 1687ರಲ್ಲಿ. ಅದೇ 3ನೇ ಶತಮಾನದಲ್ಲಿ ಅಶೋಕ ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲಿ ಶಾಸನ ಬರೆಸಿದ, ಅವನ ಹೆಸರು ಉಳಿಯಿತು. ಹಿರೇಬೆಣಕಲ್ಲಿನವರು ಹೆಸರು ಕೆತ್ತಿಸಲಿಲ್ಲ. ಸೂತ್ರ ಬರೆಯಲಿಲ್ಲ. ಕಲ್ಲು ನಿಲ್ಲಿಸಿ ಹೋದರು.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಹುಡುಗ ಹುಡುಗಿಯರಿಗೆ ನನ್ನದೊಂದು ಮಾತು. 'ಬಲದ ಏಕಮಾನ ನ್ಯೂಟನ್, ಕೆಲಸದ ಏಕಮಾನ ಜೌಲ್' ಅಂತ ಉರು ಹೊಡೆದರೆ ಎರಡು ಮಾರ್ಕ್ಸ್ ಬರುತ್ತೆ, ಬೇಡ ಅನ್ನಲ್ಲ. ಆದರೆ ನಿಮ್ಮಪ್ಪ ಹಾರೆ ಹಾಕಿ ಹೊಲದ ಬಂಡೆ ಮೀಟುವಾಗ ನಡೆಯೋದೂ ಅದೇ ಪಾಠ. ಅದು ಗೊತ್ತಾದ ದಿನ ಫಿಸಿಕ್ಸ್ ಬೇರೆಯವರ ವಿದ್ಯೆ ಅನ್ನೋ ಭಯ ಹೋಗುತ್ತೆ. ಹಿಂದುಳಿದ ಜಿಲ್ಲೆ ಅಂತ ಕೇಳಿ ಕೇಳಿ ತಲೆ ತಗ್ಗಿಸಿದವರಿಗೆ ಇದು ಸಣ್ಣ ವಿಷಯ ಅಲ್ಲ.

ಇನ್ನೊಂದು ಮಾತು ನಿಧಿಗಳ್ಳರಿಗೆ. ಸಮಾಧಿಯ ಕೆಳಗೆ ಬಂಗಾರದ ಕೊಪ್ಪರಿಗೆ ಇದೆ ಅಂತ ಅಗೆಯಬೇಡಿ. ಆಧಾರ ಕಲ್ಲಿನ ಬುಡದ ಮಣ್ಣು ತೆಗೆದರೆ ಚಪ್ಪಡಿ ಬೀಳುತ್ತೆ. ಎರಡು ಸಾವಿರ ವರ್ಷ ಗುರುತ್ವವನ್ನು ತಡೆದು ನಿಂತಿದ್ದು ಒಂದೇ ರಾತ್ರಿಗೆ ನೆಲಕ್ಕೆ. ನಿಧಿ ಕೆಳಗಿಲ್ಲ ಸ್ವಾಮಿ, ಮೇಲೆ ನಿಂತಿರೋದೇ ನಿಧಿ.