ಜಾವಾ ಕ್ಲೈಂಟ್‌ನಲ್ಲಿ ಎಚ್‌ಟಿಟಿಪಿ ಹೆಡರ್ ಮತ್ತು ಸ್ಟೇಟಸ್ ಕೋಡ್

ವೆಬ್ ಸರ್ವರ್ ಕಳಿಸುವ ಉತ್ತರದಲ್ಲಿ ಪುಟಕ್ಕಿಂತ ಮುಂಚೆ ಬರುವ ಸ್ಟೇಟಸ್ ಸಾಲು ಹಾಗೂ ಹೆಡರ್‌ಗಳನ್ನು ಜಾವಾ ಪ್ರೋಗ್ರಾಮ್ ಓದಿಕೊಳ್ಳುವ ವಿಧಾನ. ಟಿಮ್ ಬರ್ನರ್ಸ್-ಲೀ ಸರ್ನ್ ಸಂಸ್ಥೆಯಲ್ಲಿದ್ದಾಗ 1991ರಲ್ಲಿ ವಿವರಿಸಿದ ಮೊದಲ ಎಚ್‌ಟಿಟಿಪಿಯಲ್ಲಿ ಇವೆರಡೂ ಇರಲಿಲ್ಲ. ಕೇಳಿದ ಪುಟ ಇಲ್ಲವೆಂದರೆ ಆ ಮಾತೂ ಒಂದು ಪುಟವಾಗಿಯೇ ಬರುತ್ತಿತ್ತು. ಮನುಷ್ಯರು ಓದಿ ತಿಳಿಯಬಹುದಿತ್ತು, ಪ್ರೋಗ್ರಾಮಿಗೆ ತಿಳಿಯುತ್ತಿರಲಿಲ್ಲ. ಈ ಕೊರತೆ ನೀಗಲು, ಫೈಲ್ ಸಾಗಿಸುವ ಎಫ್‌ಟಿಪಿ, ಇಮೇಲ್ ಸಾಗಿಸುವ ಎಸ್‌ಎಂಟಿಪಿಗಳಲ್ಲಿ ಮೊದಲೇ ರೂಢಿಯಲ್ಲಿದ್ದ ಮೂರಂಕಿ ಸಂಕೇತಗಳು (ಸ್ಟೇಟಸ್ ಕೋಡ್) ಎಚ್‌ಟಿಟಿಪಿಗೂ ಬಂದವು. 1996ರ ಮೇ ತಿಂಗಳ ಆರ್‌ಎಫ್‌ಸಿ 1945 ಎಂಬ ದಾಖಲೆ ಅವನ್ನು ಬರಹಕ್ಕಿಳಿಸಿತು.

ಅದೇ ವರ್ಷ ಜನವರಿಯಲ್ಲಿ ಜಾವಾದ ಮೊದಲ ಆವೃತ್ತಿ ಜೆಡಿಕೆ 1.0 ಹೊರಬಂದಿತ್ತು. ಅದರ ಯುಆರ್‌ಎಲ್‌ಕನೆಕ್ಷನ್ ಕ್ಲಾಸಿನ ಕಣ್ಣಿಗೆ ಫೈಲ್, ಎಫ್‌ಟಿಪಿ, ವೆಬ್ ಎಲ್ಲವೂ ಓದಿ ಮುಗಿಸಬೇಕಾದ ಬೈಟ್‌ಗಳ ಹರಿವು ಮಾತ್ರ. ಮುಂದೆ ಎದುರಾದ ತೊಡಕುಗಳಲ್ಲಿ ಹೆಚ್ಚಿನವು ಈ ಧೋರಣೆಯಿಂದಲೇ ಹುಟ್ಟಿದವು. 1997ರ ಜೆಡಿಕೆ 1.1ರಲ್ಲಿ ಎಚ್‌ಟಿಟಿಪಿಗೆಂದೇ ಎಚ್‌ಟಿಟಿಪಿಯುಆರ್‌ಎಲ್‌ಕನೆಕ್ಷನ್ ಎಂಬ ಕ್ಲಾಸ್ ಸೇರಿತು. ಅದರ ಗೆಟ್‌ರೆಸ್ಪಾನ್ಸ್‌ಕೋಡ್ ಮೆಥಡ್ ಒಳಗೊಳಗೆ ಸೊನ್ನೆಯನೇ ಹೆಡರನ್ನು ತರಿಸಿಕೊಂಡು, ‘ಎಚ್‌ಟಿಟಿಪಿ/1.1 200 ಓಕೆ’ ಎಂಬಂಥ ಸಾಲಿನಿಂದ ಸಂಖ್ಯೆಯನ್ನು ಹೆಕ್ಕುತ್ತದೆ. ಸಿಗದಿದ್ದರೆ -1 ಕೊಡುತ್ತದೆ. ಅಂದರೆ ಸ್ಟೇಟಸ್ ಸಾಲನ್ನು ಹೆಸರಿಲ್ಲದ ಹೆಡರ್ ಎಂದು ಪಟ್ಟಿಯ ತಲೆಗೆ ತುರುಕಲಾಗಿತ್ತು. ಜಾವಾ 1.4 (2002) ಎಲ್ಲ ಹೆಡರ್‌ಗಳನ್ನೂ ಒಂದೇ ಮ್ಯಾಪ್‌ನಲ್ಲಿ, ಹೆಸರನ್ನೇ ಕೀ ಮಾಡಿ ಕೊಟ್ಟಾಗ, ಹೆಸರಿಲ್ಲದ ಈ ಸಾಲಿನ ಕೀ ‘ನಲ್’ (ಏನೂ ಇಲ್ಲ) ಆಯಿತು. ಕೀಗಳ ಮೇಲೆ ಲೂಪ್ ಹಾಕಿ, ಕಾಣದ ನಲ್‌ಗೆ ಎಡವಿದವರು ಕಡಿಮೆಯಲ್ಲ.

ಇನ್ನೂ ಕಿರಿಕಿರಿಯ ಸಂಗತಿ ಎಕ್ಸೆಪ್ಶನ್‌ನದು, ಅಂದರೆ ಪ್ರೋಗ್ರಾಮಿನ ಓಟವನ್ನು ತಡೆಯುವ ದೋಷಸೂಚನೆಯದು. ಪುಟ ಇಲ್ಲವೆನ್ನುವ 404 ಅಥವಾ 410 ಬಂದಾಗ, ಉತ್ತರದ ಒಡಲನ್ನು ಓದಲು ಕರೆಯುವ ಗೆಟ್‌ಇನ್‌ಪುಟ್‌ಸ್ಟ್ರೀಮ್ ಮೆಥಡ್ ‘ಫೈಲ್ ನಾಟ್ ಫೌಂಡ್’ ಎಕ್ಸೆಪ್ಶನ್ ಎಸೆಯುತ್ತದೆ, ಡಿಸ್ಕಿನ ಫೈಲೇ ಕಳೆದುಹೋದಂತೆ! 400ರಿಂದ ಮೇಲಿನ ಉಳಿದವಕ್ಕೆ ಐಒಎಕ್ಸೆಪ್ಶನ್. ಸರ್ವರ್ ತಪ್ಪಿನ ಕಾರಣವನ್ನು ವಿವರವಾಗಿ ಬರೆದು ಕಳಿಸಿದ್ದರೂ, ಗೆಟ್‌ಎರರ್‌ಸ್ಟ್ರೀಮ್ ಎಂಬ ಬೇರೆ ಬಾಗಿಲಿದೆಯೆಂದು ಗೊತ್ತಿದ್ದವರಿಗಷ್ಟೇ ಅದು ಸಿಗುತ್ತಿತ್ತು. ಬೇರೆ ವಿಳಾಸಕ್ಕೆ ಹೋಗೆನ್ನುವ ರೀಡೈರೆಕ್ಟ್‌ಗಳನ್ನು ಈ ಕ್ಲಾಸ್ ತಾನೇ ಹಿಂಬಾಲಿಸುತ್ತದೆ, ಆದರೆ ಎಚ್‌ಟಿಟಿಪಿಯಿಂದ ಎಚ್‌ಟಿಟಿಪಿಎಸ್‌ಗೆ ದಾಟುವುದಿಲ್ಲ. ಹಾಗಾಗಿ ಸೈಟೊಂದು ಎಚ್‌ಟಿಟಿಪಿಎಸ್‌ಗೆ ಬದಲಾದ ದಿನ, ನಿನ್ನೆಯವರೆಗೆ 200 ಕಾಣುತ್ತಿದ್ದ ಪ್ರೋಗ್ರಾಮಿಗೆ ಇದ್ದಕ್ಕಿದ್ದಂತೆ ರೀಡೈರೆಕ್ಟ್‌ನ ಸಂಕೇತವಾದ 301 ಕಾಣುತ್ತದೆ.

ಬೇಸತ್ತವರು ಹೊರಗಿನ ಲೈಬ್ರರಿಗಳಾದ ಅಪಾಚೆಯ ಎಚ್‌ಟಿಟಿಪಿಕ್ಲೈಂಟ್, ಆಮೇಲೆ ಸ್ಕ್ವೇರ್ ಕಂಪನಿಯ ಓಕೆಎಚ್‌ಟಿಟಿಪಿ ಕಡೆ ಹೊರಳಿದರು. ಜಾವಾದ ಸ್ವಂತ ಉತ್ತರ ತಡವಾಗಿ ಬಂತು: 2017ರ ಜಾವಾ 9ರಲ್ಲಿ ಪ್ರಯೋಗರೂಪದಲ್ಲಿದ್ದ, ಜಾವಾದ್ದೇ ಆದ ಹೊಸ ಎಚ್‌ಟಿಟಿಪಿಕ್ಲೈಂಟ್ 2018ರ ಜಾವಾ 11ರಲ್ಲಿ ಕಾಯಂ ಆಯಿತು. ಇಲ್ಲಿ ಸ್ಟೇಟಸ್‌ಕೋಡ್ ಬರೀ ಪೂರ್ಣಾಂಕ, ಹೆಡರ್‌ಗಳು ಬೇರೆ. ಕೇಳಿದ ಹೆಡರ್ ಇಲ್ಲದಿದ್ದರೆ ಫಸ್ಟ್‌ವ್ಯಾಲ್ಯೂ ಮೆಥಡ್ ನಲ್ ಬದಲು ಖಾಲಿ ‘ಆಪ್ಷನಲ್’ ಕೊಡುತ್ತದೆ. 404 ಎಂಬುದು ಎಕ್ಸೆಪ್ಶನ್ ಅಲ್ಲ, ಅದೂ ಒಂದು ಉತ್ತರ. ರೀಡೈರೆಕ್ಟ್ ಬೇಕೆಂದರೆ ಬಾಯಿಬಿಟ್ಟು ಕೇಳಬೇಕು.

ಅಷ್ಟರೊಳಗೆ ಎಚ್‌ಟಿಟಿಪಿಯ ಹೊಸ ಆವೃತ್ತಿಯಾದ 2015ರ ಎಚ್‌ಟಿಟಿಪಿ/2 ಸ್ಟೇಟಸ್ ಸಾಲನ್ನೇ ತೆಗೆದುಹಾಕಿತ್ತು. ‘ಓಕೆ’, ‘ನಾಟ್ ಫೌಂಡ್’ ಎಂಬ ಪದಗಳು ಹೋಗಿ, ಸಂಖ್ಯೆಯೊಂದೇ ‘:ಸ್ಟೇಟಸ್’ ಎಂಬ ಹುಸಿ ಹೆಡರ್ ಆಗಿ ಉಳಿಯಿತು. ಹಳೆಯ ಎಚ್‌ಟಿಟಿಪಿಯುಆರ್‌ಎಲ್‌ಕನೆಕ್ಷನ್ ಎಚ್‌ಟಿಟಿಪಿ/2 ಮಾತಾಡಲಾರದು. ಆದರೂ ಅದನ್ನು ಜಾವಾದಿಂದ ತೆಗೆದಿಲ್ಲ. ನಲ್ ಕೀ ಸಮೇತ ಇಂದಿಗೂ ಇದೆ.