ತುಕ್ಕು, ಕಿಲುಬು, ಜಂಗು: ತಿಂಥಣಿ ಸೀಮೆಯಿಂದ ಒಂದು ಪದಟಿಪ್ಪಣಿ

ಇಂಗ್ಲಿಷಿನ ‘ರಸ್ಟ್’ ಪದಕ್ಕೆ ನಮ್ಮ ಪಠ್ಯಪುಸ್ತಕಗಳು ಕೊಡುವ ಕನ್ನಡ ಒಂದೇ: ತುಕ್ಕು. ರಸಾಯನಶಾಸ್ತ್ರದ ಪಾಠಕ್ಕೆ ಅಷ್ಟು ಸಾಕು. ಕಬ್ಬಿಣ, ನೀರು, ಆಮ್ಲಜನಕ ಮೂರೂ ಕೂಡಿದಾಗ ಹುಟ್ಟುವ ಕೆಂಗಂದು ಪುಡಿ ಅದು. ಪದಕೋಶಕ್ಕೆ ಮಾತ್ರ ಇಷ್ಟು ಸಾಲದು. ಸುರಪುರ ತಾಲ್ಲೂಕಿನ ತಿಂಥಣಿಯ ಆಸುಪಾಸಿನ ಕನ್ನಡದಲ್ಲಿ ಆ ಒಂದು ಇಂಗ್ಲಿಷ್ ಪದದ ಸುತ್ತ ಕನಿಷ್ಠ ನಾಲ್ಕು ಪದಗಳು ನಿಲ್ಲುತ್ತವೆ, ಒಂದೊಂದಕ್ಕೂ ಬೇರೆ ಹಿನ್ನೆಲೆಯಿದೆ.

ತಿಂಥಣಿಯನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಕೃಷ್ಣೆಯ ದಂಡೆಯ ಈ ಊರು ಮೌನೇಶ್ವರರ ಕ್ಷೇತ್ರ. ಮೌನೇಶ್ವರರು ವಿಶ್ವಕರ್ಮ ಪರಂಪರೆಯ ಸಂತರು. ವಿಶ್ವಕರ್ಮರ, ಅಂದರೆ ಪಾಂಚಾಳರ, ಐದು ಕಸುಬುಗಳಲ್ಲಿ ಕಮ್ಮಾರಿಕೆ ಕಬ್ಬಿಣದ್ದು, ಕಂಚುಗಾರಿಕೆ ತಾಮ್ರ, ಕಂಚು, ಹಿತ್ತಾಳೆಗಳದ್ದು. ಕನ್ನಡದ ಪದವಿಂಗಡಣೆಯೂ ಈ ಗೆರೆಯ ಮೇಲೆಯೇ ನಡೆದಿದೆ: ಕುಡುಗೋಲಿಗೆ ತುಕ್ಕು, ತಂಬಿಗೆಗೆ ಕಿಲುಬು. ಇಂಗ್ಲಿಷಿನಲ್ಲೂ ತಾಮ್ರದ ಹಸಿರು ಪೊರೆಗೆ ‘ವರ್ಡಿಗ್ರಿಸ್’ ಎಂಬ ಬೇರೆ ಪದವಿದೆ. ಆದರೆ ಅದು ಪುಸ್ತಕದ ಪದ. ಕಿಲುಬು ಅಡುಗೆಮನೆಯ ಪದ.

ಈ ವ್ಯತ್ಯಾಸಕ್ಕೆ ಲೋಹಗಳ ಗುಣವೇ ಆಧಾರ. ತುಕ್ಕು ಕಬ್ಬಿಣಕ್ಕೆ ಬಿಗಿಯಾಗಿ ಅಂಟಿಕೊಳ್ಳುವುದಿಲ್ಲ. ಮೂಲ ಲೋಹಕ್ಕಿಂತ ಹೆಚ್ಚು ಜಾಗ ಹಿಡಿದು, ಉಬ್ಬಿ, ಹಕ್ಕಳೆಯಾಗಿ ಉದುರುತ್ತದೆ. ಒಳಗಿನ ಕಬ್ಬಿಣ ಮತ್ತೆ ಗಾಳಿಗೆ ತೆರೆದುಕೊಳ್ಳುತ್ತದೆ, ಹಾಗೆ ತುಕ್ಕು ವಸ್ತುವನ್ನೇ ತಿಂದು ಮುಗಿಸುತ್ತದೆ. ತಾಮ್ರದ ಮೇಲೆ ಬಹುಕಾಲ ಕಟ್ಟಿದ ಪೊರೆ ಅಂಟಿ ಕೂತು ಒಳಲೋಹವನ್ನು ಎಷ್ಟೋ ಮಟ್ಟಿಗೆ ಕಾಯುತ್ತದೆ, ಪಾತ್ರೆ ಉಳಿಯುತ್ತದೆ. ಕೆಡುವುದು ಪಾತ್ರೆಯೊಳಗಿನ ಪದಾರ್ಥ. ಮಜ್ಜಿಗೆಯೋ ಹುಣಸೆಹುಳಿಯ ಸಾರೋ ಹಿತ್ತಾಳೆ ಪಾತ್ರೆಯಲ್ಲಿ ಉಳಿದರೆ ಹುಳಿ ತಾಮ್ರವನ್ನು ಕರಗಿಸಿ ವಿಷವಾಗುತ್ತದೆ. ಪಾತ್ರೆಗೆ ತವರದ ಕಲಾಯಿ ಹಾಕಿಸುತ್ತಿದ್ದದ್ದು ಇದಕ್ಕಾಗಿಯೇ. ಆದ್ದರಿಂದ ‘ಕಿಲುಬು’ ಎಂದೊಡನೆ ಮನಸ್ಸಿಗೆ ಬರುವುದು ಕೊಳೆ, ಕಹಿ, ವಿಷ. ‘ತುಕ್ಕು’ ಎಂದರೆ ಸವೆತ, ನಿರುಪಯೋಗ. ಚಿಲ್ಲರೆ ನಾಣ್ಯ ತಾಮ್ರದ್ದಾಗಿದ್ದ ಕಾಲದ ನೆನಪು ‘ಕಿಲುಬು ಕಾಸು’ ಎಂಬ ಮಾತಿನಲ್ಲಿದೆ. ಅದನ್ನು ತುಕ್ಕು ಕಾಸು ಎಂದು ಯಾರೂ ಹೇಳಿಲ್ಲ, ಹೇಳುವಂತೆಯೂ ಇಲ್ಲ.

ಕಿಲುಬು ಹಳೆಯ ದ್ರಾವಿಡ ಪದ. ತೆಲುಗಿನಲ್ಲಿ ಅದು ‘ಚಿಲುಮು’. ಇ, ಎ ಸ್ವರಗಳ ಮುಂದೆ ಕನ್ನಡದ ಕಕಾರಕ್ಕೆ ತೆಲುಗು ಚಕಾರ ಇಡುವುದು ನಿಯಮ: ಕಿವಿ–ಚೆವಿ, ಕೆರೆ–ಚೆರುವು.

ಮೂರನೆಯ ಪದ ಈ ಸೀಮೆಯ ಚರಿತ್ರೆಯೊಡನೆ ಬಂದದ್ದು. ಸುರಪುರ, ಶಹಾಪುರಗಳ ಆಡುಮಾತಿನಲ್ಲಿ ಕಬ್ಬಿಣಕ್ಕೆ ‘ಜಂಗ್ ಹತ್ಯಾದ’ ಎನ್ನುವುದು ತೀರ ಸಹಜ. ಇದು ಪಾರಸಿಯ ‘ಜಂಗ್’, ದಖನಿ ಉರ್ದುವಿನ ಮೂಲಕ ಬಂದದ್ದು. ಬೇಡ ನಾಯಕರ ಸುರಪುರ ಸಂಸ್ಥಾನ 1858ರ ಬಂಡಾಯದ ನಂತರ ಕುಸಿದು, 1860ರಲ್ಲಿ ನಿಜಾಮರ ಕೈ ಸೇರಿತು. ಆದರೂ ಪದದ ಬರವನ್ನು ಅಲ್ಲಿಂದ ಎಣಿಸುವುದು ಸರಿಯಲ್ಲ. ಬಹಮನಿ, ಆದಿಲಶಾಹಿ ಕಾಲದಿಂದ ಈ ನೆಲದಲ್ಲಿ ಪಾರಸಿ, ದಖನಿ ನುಡಿಗಳ ಒಡನಾಟವಿದೆ. ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಮೌನೇಶ್ವರರ ಜಯಘೋಷದಲ್ಲೇ ಆ ನುಡಿ ಬೆರೆತಿದೆ. ಕನ್ನಡದ ಬಾಯಿಯಲ್ಲಿ ಈ ಪದಕ್ಕೊಂದು ವಿಶೇಷ ಗತಿ ಒದಗಿತು. ಪಾರಸಿಯಲ್ಲಿ ಯುದ್ಧವೆಂಬ ‘ಜಂಗ್’ (ಸಾಲಾರ್ ಜಂಗ್ ಎಂಬ ಬಿರುದಿನಲ್ಲಿರುವುದು) ಬೇರೆ ಅಕ್ಷರದಿಂದ, ತುಕ್ಕೆಂಬ ಜಂಗ್ ಬೇರೆ ಅಕ್ಷರದಿಂದ ಮೊದಲಾಗುತ್ತದೆ. ನಮ್ಮಲ್ಲಿ ಎರಡೂ ಒಂದೇ ಜಕಾರ. ಜಂಗಮರು ಕಾಲಿಗೆ ಕಟ್ಟುವ ಗಂಟೆಗೂ ‘ಜಂಗು’ ಎಂದೇ ಹೆಸರು. ಪಾರಸಿಯಲ್ಲಿಯೂ ತುಕ್ಕು ಮತ್ತು ಗಂಟೆ ಎರಡಕ್ಕೂ ಒಂದೇ ಉಚ್ಚಾರದ ಪದವಿರುವುದು ಗಮನಾರ್ಹ.

ನಾಲ್ಕನೆಯದು ಹೊಲದ್ದು. ‘ರಸ್ಟ್’ ಇಂಗ್ಲಿಷಿನಲ್ಲಿ ಬೆಳೆಯ ಶಿಲೀಂಧ್ರರೋಗವೂ ಹೌದು. ಕೆಂಪು ಎಂಬರ್ಥದ ‘ರೆಡ್’ ಪದಕ್ಕೆ ಅದು ಬಂಧು. ಸಂಸ್ಕೃತದ ‘ರುಧಿರ’ವೂ ಅದೇ ಬೇರಿನದು. ಎಲೆಯ ಮೇಲಿನ ಕೆಂಗಂದು ಪುಡಿ ಕಂಡಾಗ ಇಂಗ್ಲಿಷ್ ರೈತನಿಗೆ ಕಬ್ಬಿಣ ನೆನಪಾಯಿತು. ಉತ್ತರ ಕರ್ನಾಟಕದ ರೈತ ಗೋಧಿಯ ಅದೇ ರೋಗವನ್ನು ‘ಭಂಡಾರ ರೋಗ’ ಎಂದ. ಯಾದಗಿರಿ ತಾಲ್ಲೂಕಿನ ಮೈಲಾಪುರದ ಮಲ್ಲಯ್ಯನ ಜಾತ್ರೆಯಲ್ಲಿ ಭಂಡಾರ, ಅಂದರೆ ಅರಿಸಿನ ಪುಡಿ, ಎರಚುವುದನ್ನು ಕಂಡವರಿಗೆ ಆ ಹೆಸರಿನ ನಿಖರತೆಯನ್ನು ಬಿಡಿಸಿ ಹೇಳಬೇಕಿಲ್ಲ. ರೋಗ ತಗುಲಿದ ಹೊಲದಲ್ಲಿ ನಡೆದುಬಂದವರ ಬಟ್ಟೆಗೂ ಎಲೆಯ ಪುಡಿ ಮೆತ್ತುತ್ತದೆ. ‘ತುಕ್ಕುರೋಗ’ ಇಂಗ್ಲಿಷಿನ ನಕಲು. ‘ಭಂಡಾರ ರೋಗ’ ಕಣ್ಣಾರೆ ಕಂಡು ಇಟ್ಟ ಹೆಸರು. ಎರಡನೆಯದೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಆದರೆ ನಾರಾಯಣಪುರದ ಬಸವಸಾಗರದ ಕಾಲುವೆ ನೀರು ಹರಿದ ಮೇಲೆ ಈ ಸೀಮೆಯ ಬಹಳಷ್ಟು ಹೊಲ ಭತ್ತದ ಗದ್ದೆಯಾಗಿದೆ. ಭತ್ತಕ್ಕೆ ಈ ರೋಗವೇ ಬರುವುದಿಲ್ಲ. ಬೆಳೆ ಹೋದ ಕಡೆ ಅದರ ರೋಗದ ಹೆಸರು ಹೆಚ್ಚು ದಿನ ಬಾಳದು. ಕಲಾಯಿಯವರು ಅಪರೂಪವಾಗಿ, ಮನೆಗಳಲ್ಲಿ ಸ್ಟೀಲು ತುಂಬಿದ ಮೇಲೆ ಕಿಲುಬಿಗೂ ಅದೇ ಪಾಡು.

ಇಂಗ್ಲಿಷ್–ಕನ್ನಡ ನಿಘಂಟು ಮಾಡುವವರಲ್ಲಿ ನನ್ನ ವಿನಂತಿ ಇಷ್ಟೇ. ‘ರಸ್ಟ್’ ಎಂಬುದರ ಮುಂದೆ ತುಕ್ಕು ಒಂದನ್ನೇ ಬರೆದು ಮುಂದಕ್ಕೆ ಹೋಗಬೇಡಿ. ಕಬ್ಬಿಣಕ್ಕೆ ತುಕ್ಕು ಮತ್ತು ಜಂಗು, ಗೋಧಿಗೆ ಭಂಡಾರ ರೋಗ ಎಂದು ಬಿಡಿಸಿ ಬರೆಯಿರಿ. ತಾಮ್ರ ಹಿತ್ತಾಳೆಯ ಕಿಲುಬನ್ನು ಅದಕ್ಕೆ ಸಲ್ಲುವ ಬೇರೆ ನಮೂದಿನಲ್ಲಿ ಇಡಿ. ಜಂಗು ಎಂಬುದರ ಎದುರು ‘ಗ್ರಾಮ್ಯ’ ಎಂಬ ಗುರುತು ಹಾಕಬೇಡಿ.