ಯೌಗಿಕದಿಂದ ರೂಢಿಗೆ: ಜೀವಮಾದರಿಗಳ ಗುರುತುಪದಗಳ ಒಂದು ಇತಿಹಾಸ

ಸಂಗ್ರಹಾಲಯದ ಪ್ರತಿಯೊಂದು ಜೀವಮಾದರಿಗೂ ಎರಡು ಬಗೆಯ ಹೆಸರುಗಳಿರುತ್ತವೆ. ಒಂದು ಪ್ರಭೇದದ ಹೆಸರು. ಲಿನಿಯಸ್ 1753ರಲ್ಲಿ ಸಸ್ಯಗಳಿಗೆ ಕ್ರಮಬದ್ಧವಾಗಿ ಬಳಸಿದ ದ್ವಿಪದನಾಮ ಈ ಬಗೆಯದು. ಇನ್ನೊಂದು, ಆ ಒಂದೇ ಹಾಳೆಯನ್ನು ಅಥವಾ ಆ ಒಂದೇ ಪ್ರಾಣಿಯ ಚರ್ಮವನ್ನು ಮಾತ್ರ ಸೂಚಿಸುವ ಗುರುತು. ಈ ಎರಡನೆಯದನ್ನು ನಾವು ಇಲ್ಲಿ ಸಮಾಸವೆಂದು ಓದಲು ಯತ್ನಿಸಿದ್ದೇವೆ.

ಬರಿಯ ಕ್ರಮಸಂಖ್ಯೆ ಸಂಗ್ರಹಾಲಯದ ಗೋಡೆಯೊಳಗೆ ಮಾತ್ರ ಅರ್ಥಪೂರ್ಣ; ಒಂದೇ ಸಂಖ್ಯೆ ನೂರು ಕಡೆ ಇರಬಲ್ಲದು. ಸಂಸ್ಥೆಯನ್ನು ಸೂಚಿಸುವ ಪೂರ್ವಪದದ ಅಗತ್ಯ ಹೀಗೆ ಹುಟ್ಟಿತು. ಲಾಂಜೌ ಅವರು 1935ರಲ್ಲಿ ಕೈಗೆತ್ತಿಕೊಂಡು, 1952ರಲ್ಲಿ ಪ್ರಕಟಣೆ ಕಂಡ 'ಇಂಡೆಕ್ಸ್ ಹರ್ಬೇರಿಯೋರಂ' ಲೋಕದ ಹರ್ಬೇರಿಯಂಗಳಿಗೆ ಚುಟುಕು ಸಂಕೇತಗಳನ್ನು ಸ್ಥಿರಗೊಳಿಸಿತು: ಕ್ಯೂ ಉದ್ಯಾನಕ್ಕೆ 'ಕೆ', ಹೌರಾದ ಕೇಂದ್ರೀಯ ಹರ್ಬೇರಿಯಂಗೆ 'ಸಿಎಎಲ್'. ದತ್ತಕೋಶಗಳ ಯುಗದಲ್ಲಿ, 2009ರಲ್ಲಿ ಅಧಿಕೃತ ಮಾನಕವಾದ 'ಡಾರ್ವಿನ್ ಕೋರ್' ಸಂಸ್ಥೆ, ಸಂಗ್ರಹ, ಕ್ರಮಸಂಖ್ಯೆ ಎಂಬ ಮೂರು ಘಟಕಗಳನ್ನು ಒದಗಿಸಿತು. ಇವನ್ನು ಜೋಡಿಸಿದ ತ್ರಿಪದವೇ ರೂಢಿಯ ಗುರುತಾಯಿತು.

ಅನುವಂಶಿಕ ಅನುಕ್ರಮಗಳ ಕೋಶವಾದ ಜೆನ್‌ಬ್ಯಾಂಕಿನಲ್ಲಿ ಬರುವ 'ಯುಎಎಂ:ಮ್ಯಾಮ್:52179' ಎಂಬ ರೂಪವನ್ನು ನೋಡೋಣ. ಇದರ ವಿಗ್ರಹವಾಕ್ಯ: ಅಲಾಸ್ಕಾ ವಿಶ್ವವಿದ್ಯಾಲಯದ ಸಂಗ್ರಹಾಲಯದ ಸಸ್ತನಿ ಸಂಗ್ರಹದ 52179ನೆಯ ಮಾದರಿ. ಇದು ಸರಪಳಿಯಾಗಿ ಬೆಳೆದ ಷಷ್ಠೀ ತತ್ಪುರುಷ. ಪ್ರಧಾನಪದ ಕೊನೆಯಲ್ಲಿದೆ, ಹಿಂದಿನ ಎರಡು ಪದಗಳು ಅದನ್ನು ಸೀಮಿತಗೊಳಿಸುತ್ತವೆ. (ಇಂಗ್ಲಿಷಿನ 'ಆಫ್' ರಚನೆಗಿಂತ ನಮ್ಮ ಪದಕ್ರಮಕ್ಕೇ ಇದು ಹತ್ತಿರವೆಂಬುದು ಆಕಸ್ಮಿಕವಾದರೂ ಸ್ವಾರಸ್ಯಕರ.)

ಸಮಾಸದ ಮೊದಲ ಸಂಕಟ ರೂಪದ್ದು. ಒಬ್ಬರು ಅಪೂರ್ಣವಿರಾಮ ಬಳಸಿದರೆ ಇನ್ನೊಬ್ಬರು ಬರಿಯ ತೆರಪು ಬಿಡುತ್ತಾರೆ, ಮತ್ತೊಬ್ಬರು ಮಧ್ಯಪದವನ್ನೇ ಲೋಪಗೊಳಿಸುತ್ತಾರೆ. ಓದುಗನಿಗೆ ಇವು ಒಂದೇ ಪದದ ರೂಪಾಂತರಗಳು. ಯಂತ್ರಕ್ಕೆ ಮೂರು ಬೇರೆ ಪದಗಳು. ಗುರಾಲ್ನಿಕ್ ಮತ್ತು ಸಂಗಡಿಗರು 2014ರಲ್ಲಿ ಹಲವು ಕೋಶಗಳ ತ್ರಿಪದಗಳನ್ನು ಹೋಲಿಸಿ, ಕೊಂಡಿಯಾಗಿ ಇವು ನಂಬಲರ್ಹವಲ್ಲವೆಂದು ವಾದಿಸಿದರು. ಇದರ ನಷ್ಟ ಬರಿಯ ಅಚ್ಚುಕಟ್ಟಿನದಲ್ಲ. ತಜ್ಞರೊಬ್ಬರು ಹಾಳೆಯನ್ನು ಮರುಪರಿಶೀಲಿಸಿ ಪ್ರಭೇದದ ಹೆಸರನ್ನು ತಿದ್ದಿದಾಗ, ಕೊಂಡಿ ಕಡಿದಿದ್ದರೆ ಆ ತಿದ್ದುಪಡಿ ಅದೇ ಮಾದರಿಯಿಂದ ಪಡೆದ ಅನುಕ್ರಮವನ್ನು ತಲುಪುವುದಿಲ್ಲ. ತಪ್ಪು ಹೆಸರು ಮುಂದಿನ ಸಂಶೋಧನೆಗಳಿಗೆ ಹರಡುತ್ತದೆ.

ಎರಡನೆಯ ಸಂಕಟ ಅರ್ಥದ್ದು, ನಮ್ಮ ದೃಷ್ಟಿಯಲ್ಲಿ ಇದೇ ಹೆಚ್ಚು ಆಳವಾದುದು. ನಮ್ಮ ಶಾಸ್ತ್ರಪರಂಪರೆ ಅವಯವಗಳಿಂದ ಅರ್ಥ ಕೊಡುವ ಪದವನ್ನು ಯೌಗಿಕವೆಂದೂ ಬಳಕೆಯ ಬಲದಿಂದಲೇ ನಿಂತದ್ದನ್ನು ರೂಢವೆಂದೂ ಕರೆಯುತ್ತದೆ. ಇವೆರಡೂ ಕೂಡಿದ್ದು ಯೋಗರೂಢ: ಕೆಸರಿನಲ್ಲಿ ಹುಟ್ಟಿದ್ದೆಲ್ಲ 'ಪಂಕಜ'ವಲ್ಲ. ತ್ರಿಪದವನ್ನು ಯೌಗಿಕವಾಗಿ ಕಟ್ಟಲಾಯಿತು. ಅದರಿಂದ ನಿರೀಕ್ಷಿಸಿದ ಕೆಲಸ ಮಾತ್ರ ರೂಢಪದದ್ದು. ಮಾದರಿ ಸಂಸ್ಥೆ ಬದಲಿಸಿದ ದಿನ ಈ ವಿರೋಧ ಬಯಲಾಗುತ್ತದೆ. ಪೂರ್ವಪದವನ್ನು ಬದಲಿಸಿದರೆ ಹಳೆಯ ಉಲ್ಲೇಖಗಳು ಅನಾಥವಾಗುತ್ತವೆ. ಉಳಿಸಿಕೊಂಡರೆ ಅವಯವಾರ್ಥ ಸುಳ್ಳಾಗುತ್ತದೆ. ಬೆಂಗಳೂರಿನಲ್ಲೇ ಇದರ ನಿದರ್ಶನವಿದೆ. ಸೆಸಿಲ್ ಸಲ್ಡಾನ ಅವರ ಸಸ್ಯಸಂಗ್ರಹದ ಸಂಕೇತ 'ಜೆಸಿಬಿ', ಸೇಂಟ್ ಜೋಸೆಫ್ಸ್ ಕಾಲೇಜನ್ನು ನೆನಪಿಸುತ್ತದೆ. ಹಾಳೆಗಳಿರುವುದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಸಂಕೇತವನ್ನು ಬದಲಿಸದೆ ಉಳಿಸಿಕೊಂಡದ್ದು ವಿವೇಕವೆಂದೇ ನಮ್ಮ ಅಭಿಪ್ರಾಯ.

ಈಚಿನ ಒಲವು ಪೂರ್ಣ ರೂಢಿಯ ಕಡೆಗಿದೆ: ಯಾವ ಅವಯವಾರ್ಥವೂ ಇಲ್ಲದ, 36 ಚಿಹ್ನೆಗಳ ಯಾದೃಚ್ಛಿಕ ಗುರುತು. ನಡುವೆ ಬಂದ 'ಲೈಫ್ ಸೈನ್ಸ್ ಐಡೆಂಟಿಫೈಯರ್' ಸ್ಥಿರತೆಯ ಭರವಸೆ ಕೊಟ್ಟರೂ ಸಂಸ್ಥೆಯ ಜಾಲನಾಮವನ್ನು ತನ್ನೊಳಗೆ ಮತ್ತೆ ಸೇರಿಸಿಕೊಂಡಿತ್ತು. ಯಂತ್ರದ ಕೊಂಡಿಗೆ ಅರ್ಥಶೂನ್ಯ ಗುರುತೇ ಲೇಸು ಎಂಬುದನ್ನು ನಾವು ಒಪ್ಪುತ್ತೇವೆ. ತ್ರಿಪದವನ್ನು ಅಳಿಸಿಹಾಕಬೇಕೆಂಬ ವಾದವನ್ನು ಮಾತ್ರ ಒಪ್ಪಲಾರೆವು. ಅಚ್ಚಾದ ಸಸ್ಯಸಂಪುಟಗಳು ಸಂಗ್ರಾಹಕನ ಹೆಸರು, ಅವನ ಸಂಖ್ಯೆ ಮತ್ತು ಹರ್ಬೇರಿಯಂ ಸಂಕೇತದ ಮೂಲಕವೇ ಹಾಳೆಯನ್ನು ಹೆಸರಿಸುತ್ತವೆ. ಆ ಪುಟಗಳಿಂದ ಹಾಳೆಯವರೆಗಿನ ದಾರಿ ಈ ಯೌಗಿಕ ರೂಪಗಳಲ್ಲೇ ಇದೆ. ಹೊಸ ಗುರುತಿನ ಪಕ್ಕದಲ್ಲಿ ಅವನ್ನು ವಿವರಣೆಯಾಗಿ, ಬರೆದಂತೆಯೇ, ದಾಖಲಿಸಬೇಕು.